ನಾಡು ಒಂದಾಯಿತು, ಸುದ್ದಿ ತಲುಪಿತೇ?



ದೇಶದ ಬಹುಭಾಗ 1947ರ ಆಗಸ್ಟ್ 15ರಂದು ಸ್ವತಂತ್ರವಾಯಿತು. ನಮ್ಮ ಕಲಬುರಗಿ, ಬೀದರ್, ರಾಯಚೂರು ಸೀಮೆಯ ಜನ ಅದಕ್ಕಾಗಿ ಇನ್ನೂ 13 ತಿಂಗಳು ಕಾಯಬೇಕಾಯಿತು. ಆದುದರಿಂದಲೇ ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿ ನಗರದಲ್ಲಿ ಸರ್ದಾರ್ ಪಟೇಲರ ಪ್ರತಿಮೆಗೆ ಮಾಲಾರ್ಪಣೆ ನಡೆಯುತ್ತದೆ, ರಾಷ್ಟ್ರಧ್ವಜ ಏರುತ್ತದೆ. ಕಮಲಾಪುರದಂಥ ಊರುಗಳ ಶಾಲೆಗಳಲ್ಲೂ ಮಕ್ಕಳು ಸುಮಾರು ಒಂದು ತಿಂಗಳ ಅಂತರದಲ್ಲಿ ಎರಡನೆಯ ಸಲ ಧ್ವಜವಂದನೆಗೆ ನಿಲ್ಲುತ್ತಾರೆ. "ನಮಗ್ಯಾಕೆ ಎರಡು ಸ್ವಾತಂತ್ರ್ಯ ದಿನ?" ಎಂದು ಮಗು ಮನೆಗೆ ಬಂದು ಕೇಳಿದರೆ ತಂದೆತಾಯಿಗಳು ಏನು ಹೇಳಬೇಕು?

ಸೈನ್ಯ ಬಂತು, ನಿಜಾಮರು ಶರಣಾದರು ಎಂದು ಹೇಳಬಹುದು. ಅದು ನಿಜ. ಆದರೆ ಅರ್ಧ ನಿಜ. ಒಂದು ನಾಡು ಇನ್ನೊಂದರೊಡನೆ ಕೂಡುವುದಕ್ಕೆ ಎರಡು ಹಂತಗಳಿವೆ. ಮೊದಲನೆಯದು ಸಹಿಯಿಂದಲೋ ಸೈನ್ಯದಿಂದಲೋ ಆಗುತ್ತದೆ; ಅದಕ್ಕೆ ಕೆಲವು ದಿನ ಸಾಕು. ಎರಡನೆಯದು ಜನರ ಮನಸ್ಸಿನಲ್ಲಿ ಆಗಬೇಕು; ಅದಕ್ಕೆ ತಲೆಮಾರುಗಳು ಬೇಕು. ಈ ಎರಡನೆಯ ಕೆಲಸ ನಡೆಯುವುದು ಸುದ್ದಿಯ ಮೂಲಕ. ಒಬ್ಬರ ಕಷ್ಟಸುಖ ಇನ್ನೊಬ್ಬರಿಗೆ ತಿಳಿಯದಿದ್ದರೆ ಅವರು ಒಂದೇ ನಕಾಶೆಯಲ್ಲಿದ್ದರೂ ಒಂದೇ ಜನವಾಗುವುದಿಲ್ಲ. ಸುದ್ದಿಮಾಧ್ಯಮ, ಜನತಂತ್ರ ಮತ್ತು ಐಕ್ಯ ಎಂಬ ಈ ಮೂರರ ಸಂಬಂಧವನ್ನು ನಮ್ಮ ನೆಲದ ಚರಿತ್ರೆಯಿಂದಲೇ ತಿಳಿಯಲು ಯತ್ನಿಸೋಣ. ಅದೇ ವರ್ಷಗಳಲ್ಲಿ ಯೂರೋಪಿನ ದೇಶಗಳು ಒಂದಾಗಲು ಹೊರಟ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡೋಣ.

ಒಂದು ಸಂಸ್ಥಾನ, ಹಲವು ನುಡಿ

ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ಎಂಟು ತೆಲುಗು ಜಿಲ್ಲೆ, ಐದು ಮರಾಠಿ ಜಿಲ್ಲೆ, ಕಲಬುರಗಿ, ಬೀದರ್, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳು. 1941ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 1 ಕೋಟಿ 60 ಲಕ್ಷ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ತೆಲುಗರು, ಕಾಲುಭಾಗ ಮರಾಠಿಗರು, ಎಂಟರಲ್ಲಿ ಒಂದು ಪಾಲು ಕನ್ನಡಿಗರು. ಆದರೆ ಕಚೇರಿ, ನ್ಯಾಯಾಲಯ, ಉನ್ನತ ಶಿಕ್ಷಣಗಳ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಒಂದು ಭಾರತೀಯ ಭಾಷೆಯನ್ನು ಉನ್ನತ ಶಿಕ್ಷಣದ ಮಾಧ್ಯಮ ಮಾಡಿದ್ದು ದೊಡ್ಡ ಸಾಧನೆಯೇ ಸರಿ. ಆದರೆ ಬಹುಪಾಲು ಪ್ರಜೆಗಳ ಮನೆಮಾತು ಬೇರೆಯಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಇಲ್ಲಿ ತಪ್ಪು ಉರ್ದುವಿನದಲ್ಲ. ಬಂದೇನವಾಜರ ದರ್ಗಾ ಇರುವ ಕಲಬುರಗಿಯಲ್ಲಿ ಉರ್ದು ನೆರೆಮನೆಯ ನುಡಿ; ನಮ್ಮ ಕನ್ನಡದ ಬೀದಿಮಾತಿನಲ್ಲೂ ಅದು ಬೆರೆತಿದೆ. ತೊಂದರೆ ಎಲ್ಲಿತ್ತೆಂದರೆ, ರೈತನೊಬ್ಬನ ಜಮೀನಿನ ಕಾಗದದಲ್ಲಿ ಏನು ಬರೆದಿದೆ ಎಂಬುದು ಆ ರೈತನಿಗೇ ತಿಳಿಯುತ್ತಿರಲಿಲ್ಲ. ಸಾರ್ವಜನಿಕ ಸಭೆ ಸೇರಲು ಸರಕಾರದ ಅಪ್ಪಣೆ ಬೇಕಿತ್ತು. ಸರಕಾರಕ್ಕೆ ಹಿಡಿಸದ ಪತ್ರಿಕೆಯನ್ನು ಮುಚ್ಚಿಸಬಹುದಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ಜನರು ಸೇರುವುದಕ್ಕೂ ಅಡ್ಡಿ, ಓದುವುದಕ್ಕೂ ಅಡ್ಡಿ ಇದ್ದಲ್ಲಿ ಜನತಂತ್ರದ ಬೀಜ ಮೊಳೆಯುವುದು ಹೇಗೆ?

ಹೆಸರಿನಲ್ಲೇ ಗುರಿಯಿದ್ದ ಪತ್ರಿಕೆ

ಆಗ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ಕೊಡಗು, ಹೈದರಾಬಾದ್, ಜೊತೆಗೆ ಚಿಕ್ಕಪುಟ್ಟ ಸಂಸ್ಥಾನಗಳು. ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ಈ ಗೋಡೆಗಳನ್ನು ಮೊದಲು ದಾಟಿದ್ದು ಅಚ್ಚಾದ ಕಾಗದ. ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದರು. 1922ರಲ್ಲಿ 'ಜಯಕರ್ನಾಟಕ' ಮಾಸಪತ್ರಿಕೆಯನ್ನು ಆರಂಭಿಸಿದರು. ಬೆಳಗಾವಿಯಲ್ಲಿ ಹುಟ್ಟಿ ಮುಂದೆ ಹುಬ್ಬಳ್ಳಿಗೆ ಬಂದ ಪತ್ರಿಕೆಯೊಂದು 'ಸಂಯುಕ್ತ ಕರ್ನಾಟಕ' ಎಂಬ ಹೆಸರನ್ನೇ ಇಟ್ಟುಕೊಂಡಿತು. ಗಮನಿಸಿ, ಆಗ ಅಂಥ ರಾಜ್ಯ ಯಾವ ನಕಾಶೆಯಲ್ಲೂ ಇರಲಿಲ್ಲ. ಪತ್ರಿಕೆ ಕೈಗೆತ್ತಿಕೊಂಡವನು ಸುದ್ದಿ ಓದುವ ಮೊದಲೇ, ಇನ್ನೂ ಹುಟ್ಟದ ನಾಡಿನ ಹೆಸರನ್ನು ಓದುತ್ತಿದ್ದನು.

ಕಲಬುರಗಿಯೂ ಸುಮ್ಮನಿರಲಿಲ್ಲ. 1928ರಲ್ಲಿ, ನಿಜಾಮರ ಆಳ್ವಿಕೆಯಲ್ಲೇ, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಈ ನಗರದಲ್ಲಿ ನಡೆಯಿತು. ರಾಜಕೀಯ ಸಭೆ ಸೇರುವುದು ಕಷ್ಟವಾಗಿದ್ದ ಕಾಲದಲ್ಲಿ ಸಾಹಿತ್ಯದ ಹೆಸರಿನಲ್ಲಿ ಜನ ಸೇರಿದರು. ಮೈಸೂರಿನವರೂ ಧಾರವಾಡದವರೂ ಕಲಬುರಗಿಯವರೂ ಒಂದೇ ಚಪ್ಪರದಡಿ ಕುಳಿತರು.

'ಇಮ್ರೋಜ್' ಸಂಪಾದಕ

1947ರ ನವೆಂಬರ್ 29ರಂದು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಭಾರತ ಸರಕಾರದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಆ ವರ್ಷ ಶಾಂತಿಯಿಂದ ಕಳೆಯಲಿಲ್ಲ. ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರ ದಂಡು ಊರೂರುಗಳಲ್ಲಿ ಭಯ ಬಿತ್ತಿತು. ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಈ ಸೀಮೆಯ ಹಿರಿಯರು ಮರೆತಿಲ್ಲ.

ಈ ಕತ್ತಲೆಯ ನಡುವೆ ಹೈದರಾಬಾದ್ ನಗರದಲ್ಲಿ ಒಬ್ಬ ಯುವಕ ಉರ್ದು ದಿನಪತ್ರಿಕೆ ನಡೆಸುತ್ತಿದ್ದರು. ಹೆಸರು ಶೋಯಬುಲ್ಲಾ ಖಾನ್. ಅವರು ಹಿಂದೆ ಕೆಲಸ ಮಾಡಿದ್ದ 'ರಯ್ಯತ್' ಪತ್ರಿಕೆಯನ್ನು ಸರಕಾರ ಮುಚ್ಚಿಸಿತ್ತು. ಆಮೇಲೆ 1947ರಲ್ಲಿ 'ಇಮ್ರೋಜ್' ಆರಂಭವಾಯಿತು. ಇಮ್ರೋಜ್ ಎಂದರೆ 'ಇಂದು'. ಸಂಸ್ಥಾನ ಭಾರತದೊಂದಿಗೆ ಸೇರಬೇಕು, ಪ್ರಜೆಗಳಿಗೆ ಜವಾಬ್ದಾರಿ ಸರಕಾರ ಬೇಕು, ರಜಾಕಾರರ ಹಿಂಸೆ ಇಸ್ಲಾಮಿಗೂ ಮುಸಲ್ಮಾನರಿಗೂ ಒಳಿತಲ್ಲ ಎಂದು ಅವರು ನಿರ್ಭೀತಿಯಿಂದ ಬರೆದರು. ವಿಲೀನವನ್ನು ಬೆಂಬಲಿಸಿ ಮುಸಲ್ಮಾನ ಗಣ್ಯರು ಕೆಲವರು ನೀಡಿದ ಹೇಳಿಕೆಯನ್ನೂ ಪ್ರಕಟಿಸಿದರು. ಬೆದರಿಕೆಗಳು ಬಂದವು. 1948ರ ಆಗಸ್ಟ್ 21ರ ರಾತ್ರಿ ಕಚೇರಿಯ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ಅವರ ಮೇಲೆ ಗುಂಡು ಹಾರಿಸಲಾಯಿತು. ಬರೆಯುವ ಕೈಯನ್ನೇ ಕತ್ತರಿಸಲಾಯಿತು. ಮರುದಿನ ಬೆಳಗಾಗುವುದರೊಳಗೆ ಅವರು ತೀರಿಕೊಂಡರು. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ.

ಈ ಸಾವು ನಮಗೆ ಎರಡು ಮಾತು ತಿಳಿಸುತ್ತದೆ. ಒಂದು, ಹೈದರಾಬಾದಿನ ಕಥೆ ಒಂದು ಧರ್ಮದವರು ಇನ್ನೊಂದು ಧರ್ಮದವರ ವಿರುದ್ಧ ಹೋರಾಡಿದ ಕಥೆಯಲ್ಲ. ವಿಲೀನಕ್ಕಾಗಿ ಲೇಖನಿ ಹಿಡಿದು ಪ್ರಾಣ ಕೊಟ್ಟವರಲ್ಲಿ ಮುಸಲ್ಮಾನ ಸಂಪಾದಕರೊಬ್ಬರು ಇದ್ದರು. ಅವರು ಬರೆದದ್ದು ಉರ್ದುವಿನಲ್ಲೇ. ಎರಡು, ದಬ್ಬಾಳಿಕೆ ಮೊದಲು ಹೆದರುವುದು ಸತ್ಯವನ್ನು ಪ್ರತಿದಿನ ಅಚ್ಚು ಹಾಕುವ ಕೈಗೆ.

ಬಾನುಲಿಯಲ್ಲಿ ಬಂದ ಶರಣಾಗತಿ

ಸೆಪ್ಟೆಂಬರ್ 13ರಂದು ಭಾರತೀಯ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. ಜನ ಅದನ್ನು ಇಂದಿಗೂ 'ಪೊಲೀಸ್ ಆ್ಯಕ್ಷನ್' ಎಂದೇ ಕರೆಯುತ್ತಾರೆ. ಐದೇ ದಿನಗಳಲ್ಲಿ, 17ರಂದು, ಎಲ್ಲ ಮುಗಿಯಿತು. ಮುಗಿದ ಸುದ್ದಿ ಜನರಿಗೆ ತಲುಪಿದ್ದು ಬಾನುಲಿಯಿಂದ. ಭಾರತ ಸರಕಾರದ ಪ್ರತಿನಿಧಿಯಾಗಿದ್ದ ಕೆ.ಎಂ. ಮುನ್ಶಿಯವರ ಸಲಹೆಯಂತೆ ನಿಜಾಮರು ಆ ಸಂಜೆ ರೇಡಿಯೋ ಕೇಂದ್ರಕ್ಕೆ ಹೋಗಿ ಮಾತಾಡಿದರು. ಅವರು ಹಾಗೆ ರೇಡಿಯೋ ಕೇಂದ್ರದೊಳಗೆ ಕಾಲಿಟ್ಟದ್ದು ಅದೇ ಮೊದಲು. 1911ರಿಂದ ಆಳಿದ ದೊರೆ ತನ್ನ ಪ್ರಜೆಗಳೆಲ್ಲರಿಗೂ ನೇರವಾಗಿ ಮಾತಾಡಿದ್ದು ಅಧಿಕಾರ ಕೈಬಿಟ್ಟ ದಿನ! ಸೆಪ್ಟೆಂಬರ್ 23ರಂದು ಮತ್ತೆ ಬಾನುಲಿಯಲ್ಲಿ ಮಾತಾಡಿ ರಜಾಕಾರರ ಕೃತ್ಯಗಳನ್ನು ಅವರು ಖಂಡಿಸಿದರು. ಆ ಮಾತು ಒಂದು ವರ್ಷ ಮೊದಲೇ ಬಂದಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವೋ!

ಹೇಳದೆ ಉಳಿದ ಸುದ್ದಿ

ಆದರೆ ಚರಿತ್ರೆಯನ್ನು ಪ್ರಾಮಾಣಿಕವಾಗಿ ಓದುವವರು ಇಲ್ಲಿಗೆ ಪುಟ ಮುಚ್ಚುವಂತಿಲ್ಲ. ಸೈನ್ಯ ಬಂದ ದಿನಗಳಲ್ಲೂ ಅನಂತರದ ವಾರಗಳಲ್ಲೂ ಸೇಡಿನ ಅಲೆ ಎದ್ದಿತು. ರಜಾಕಾರರ ಪಾಪಕ್ಕೆ ರಜಾಕಾರರಲ್ಲದ, ಬಡ ಮುಸಲ್ಮಾನ ಕುಟುಂಬಗಳು ಬೆಲೆ ತೆತ್ತವು. ಪ್ರಧಾನಿ ನೆಹರೂರವರು ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಮೊದಲಾದವರ ಸದ್ಭಾವನಾ ತಂಡವನ್ನು ಕಳುಹಿಸಿದರು. ಗಫಾರರು ಸ್ವತಃ ಹೈದರಾಬಾದಿನಲ್ಲಿ 'ಪಯಾಮ್' ಪತ್ರಿಕೆ ನಡೆಸಿದ್ದವರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ತಂಡ ಊರೂರು ತಿರುಗಿತು. ಸತ್ತವರ ಸಂಖ್ಯೆ 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್‌ಗಳನ್ನು ಹೆಸರಿಸಿತು. ಹಿಂದೂಗಳು ತಮ್ಮ ಮುಸಲ್ಮಾನ ನೆರೆಯವರನ್ನು ಕಾಪಾಡಿದ ನಿದರ್ಶನಗಳನ್ನೂ ಅದು ದಾಖಲಿಸಿತು.

ಆ ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ಅದು ಸಾರ್ವಜನಿಕರ ಓದಿಗೆ ಸಿಕ್ಕಿದ್ದು 2013ರಲ್ಲಿ, ಅಂದರೆ 65 ವರ್ಷಗಳ ನಂತರ. ಹುಣ್ಣು ಮುಚ್ಚಿಟ್ಟರೆ ಮಾಯುತ್ತದೆ ಎಂದು ಅಂದಿನವರು ಭಾವಿಸಿರಬಹುದು. ಗಲಭೆ ಮತ್ತೆ ಹೊತ್ತಿಕೊಂಡೀತೆಂಬ ಭಯವೂ ಇದ್ದಿರಬಹುದು. ಪರಿಣಾಮ ಏನಾಯಿತು? ಒಂದೇ ಊರಿನಲ್ಲಿ ಎರಡು ನೆನಪುಗಳು ಬೆಳೆದವು. ಒಂದು ಓಣಿಯಲ್ಲಿ ರಜಾಕಾರರ ಹಾವಳಿಯ ಕಥೆ, ಇನ್ನೊಂದು ಓಣಿಯಲ್ಲಿ ಆ್ಯಕ್ಷನ್ನಿನ ಕಥೆ. ಎರಡೂ ನಿಜ, ಎರಡೂ ನೋವು. ಆದರೆ ಒಂದು ಓಣಿಯ ನೋವು ಇನ್ನೊಂದು ಓಣಿಗೆ ಸುದ್ದಿಯಾಗಲೇ ಇಲ್ಲ. ಹೇಳದೆ ಉಳಿದ ಸತ್ಯ ಸುಮ್ಮನೆ ಮಲಗಿರುವುದಿಲ್ಲ. ಮುಂದೊಂದು ದಿನ ಯಾರೋ ಅದರ ಅರ್ಧವನ್ನೆತ್ತಿ ದ್ವೇಷಕ್ಕೆ ಬಳಸುತ್ತಾರೆ.

ಯೂರೋಪು ಹಿಡಿದ ದಾರಿ

ಅದೇ ವರ್ಷಗಳಲ್ಲಿ ಯೂರೋಪು ಎರಡನೆಯ ಮಹಾಯುದ್ಧದ ಬೂದಿಯಿಂದ ಏಳುತ್ತಿತ್ತು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್‌ರವರು ಪ್ಯಾರಿಸ್ಸಿನಲ್ಲಿ ಪತ್ರಕರ್ತರನ್ನು ಕರೆದು ಒಂದು ಘೋಷಣೆ ಓದಿದರು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕುಗಳನ್ನು ಒಂದೇ ಆಡಳಿತದಡಿ ತರೋಣ. ಬಂದೂಕು ಮಾಡುವ ಉಕ್ಕೇ ಇಬ್ಬರ ಕೈಯಲ್ಲಿದ್ದರೆ ಯುದ್ಧವೇ ಅಸಾಧ್ಯವಾಗುತ್ತದೆ ಎಂಬುದು ಅದರ ಸಾರ. 1951ರಲ್ಲಿ ಆರು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. 1957ರಲ್ಲಿ ರೋಮ್ ಒಪ್ಪಂದವಾಯಿತು. ಅದೇ ಬೆಳೆದು ಇಂದಿನ 27 ದೇಶಗಳ ಯೂರೋಪಿಯನ್ ಒಕ್ಕೂಟವಾಗಿದೆ.

ಈ ಕೆಲಸದಲ್ಲಿ ತೊಡಗಿದವರು ಗಡಿನಾಡಿನವರು ಎಂಬುದು ಸ್ವಾರಸ್ಯದ ಸಂಗತಿ. ಶೂಮನ್‌ರವರು ಲಕ್ಸೆಂಬರ್ಗಿನಲ್ಲಿ ಹುಟ್ಟಿ, ಜರ್ಮನ್ ಪ್ರಜೆಯಾಗಿ ಬೆಳೆದು, ಮೊದಲ ಮಹಾಯುದ್ಧದ ನಂತರ ಫ್ರೆಂಚ್ ಪ್ರಜೆಯಾದರು. ಶ್ರೀಸಭೆ ಅವರನ್ನು 2021ರಲ್ಲಿ 'ಪೂಜ್ಯ'ರೆಂದು ಸಾರಿದೆ. ಇಟಲಿಯ ಪ್ರಧಾನಿ ಡಿ ಗ್ಯಾಸ್ಪರಿಯವರು ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಟ್ರೆಂಟಿನೊದಲ್ಲಿ ಹುಟ್ಟಿದವರು. ಮೊದಲು ಕಥೋಲಿಕ ಪತ್ರಿಕೆಯೊಂದರ ಸಂಪಾದಕರು. ಮುಸೊಲಿನಿಯ ಆಳ್ವಿಕೆ ಅವರನ್ನು ಸೆರೆಮನೆಗೆ ತಳ್ಳಿತು. ಬಿಡುಗಡೆಯಾದ ಮೇಲೆ ಅವರಿಗೆ ಆಸರೆಯಾದದ್ದು ವ್ಯಾಟಿಕನ್ ಗ್ರಂಥಾಲಯದ ಒಂದು ಕೆಲಸ. ಸಂಪಾದಕನ ಬಾಯಿ ಕಟ್ಟುವ ಸರಕಾರ ದೇಶವನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಅವರು ಸ್ವತಃ ಅನುಭವಿಸಿ ಅರಿತಿದ್ದರು.

ಇನ್ನೂ ಎರಡು ಸಂಗತಿಗಳು ನಮಗೆ ಮುಖ್ಯ. 1954ರ ಜೂನ್ 6, ಪಂಚಾಶತ್ತಮ ಹಬ್ಬದ ಭಾನುವಾರ. ಅಂದು ಯೂರೋಪಿನ ಎಂಟು ದೇಶಗಳ ಟಿವಿ ಕೇಂದ್ರಗಳು ಕೂಡಿ 'ಯೂರೋವಿಷನ್' ಪ್ರಸಾರ ಆರಂಭಿಸಿದವು. ಅದರಲ್ಲಿ ಪೋಪ್ ಹನ್ನೆರಡನೇ ಪಿಯುಸ್‌ರವರು ವ್ಯಾಟಿಕನ್ನಿನಿಂದ ಹಲವು ಭಾಷೆಗಳಲ್ಲಿ ಮಾತಾಡಿದರು. ಒಂಬತ್ತು ವರ್ಷದ ಹಿಂದೆ ಒಬ್ಬರ ಮೇಲೊಬ್ಬರು ಬಾಂಬು ಸುರಿದವರು ಒಂದೇ ಹೊತ್ತಿಗೆ ಒಂದೇ ದೃಶ್ಯ ನೋಡಿದರು. ಎರಡನೆಯದಾಗಿ, ಹೊಸ ಸಮುದಾಯ 1958ರಲ್ಲಿ ಹೊರಡಿಸಿದ ಒಂದನೆಯ ಸಂಖ್ಯೆಯ ನಿಯಮ ಸುಂಕದ ಬಗ್ಗೆಯಲ್ಲ, ಭಾಷೆಯ ಬಗ್ಗೆ. ಆರು ದೇಶಗಳ ನಾಲ್ಕು ಭಾಷೆಗಳಿಗೂ ಸಮಾನ ಸ್ಥಾನ ಎಂದು ಅದು ಹೇಳಿತು. ಇಂದು ಆ ಭಾಷೆಗಳು 24. ಒಂದಾಗಬೇಕಾದರೆ ಎಲ್ಲರೂ ನನ್ನ ಭಾಷೆಯಲ್ಲಿ ಮಾತಾಡಬೇಕು ಎನ್ನುವುದು ಒಂದು ದಾರಿ. ನಿನ್ನ ಭಾಷೆಯಲ್ಲೇ ನಿನಗೆ ಕಾನೂನು ತಿಳಿಸುತ್ತೇನೆ ಎನ್ನುವುದು ಇನ್ನೊಂದು ದಾರಿ. ನಮ್ಮ ಸಂಸ್ಥಾನ ಮೊದಲನೆಯದನ್ನು ಹಿಡಿದಿತ್ತು.

ಯೂರೋಪಿನಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. ಅವರಿಗೆ ಒಂದೇ ಸಂಸತ್ತಿದೆ. ಎಲ್ಲರೂ ಓದುವ ಒಂದೇ ಪತ್ರಿಕೆ ಇಲ್ಲ. ಸುದ್ದಿ ಆಯಾ ದೇಶದ ಕಣ್ಣಿನಿಂದಲೇ ಬರುತ್ತದೆ. 1979ರ ಮೊದಲ ನೇರ ಚುನಾವಣೆಯಲ್ಲಿ ಸುಮಾರು ಶೇಕಡಾ 62 ಇದ್ದ ಮತದಾನ 2014ರಲ್ಲಿ 43ಕ್ಕೆ ಇಳಿಯಿತು; 2024ರಲ್ಲಿ 51ಕ್ಕೆ ಏರಿತು. 2016ರಲ್ಲಿ ಬ್ರಿಟನ್ ಒಕ್ಕೂಟದಿಂದ ಹೊರಬರಲು ಶೇಕಡಾ 51.9ರಷ್ಟು ಮತ ನೀಡಿತು. ವಾರಕ್ಕೆ 35 ಕೋಟಿ ಪೌಂಡು ಒಕ್ಕೂಟಕ್ಕೆ ಹೋಗುತ್ತದೆ ಎಂದು ಬಸ್ಸಿನ ಮೇಲೆ ಬರೆದು ಊರೂರು ತಿರುಗಿಸಲಾಗಿತ್ತು. ಆ ಲೆಕ್ಕ ದಾರಿತಪ್ಪಿಸುವಂಥದು ಎಂದು ಅಂಕಿ-ಅಂಶ ಪ್ರಾಧಿಕಾರ ಹೇಳಿದರೂ ಬಸ್ಸು ಓಡುತ್ತಲೇ ಇತ್ತು.

ಕೂಡಿದ ಮೇಲೆ

ಮರಳಿ ನಮ್ಮ ನೆಲಕ್ಕೆ ಬರೋಣ. 1949ರಲ್ಲಿ ಕಲಬುರಗಿಯಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿದ ಕ್ರೈಸ್ತ ಬೋಧಕರು. ಗಾಯ ಇನ್ನೂ ಹಸಿಯಾಗಿದ್ದಾಗ ಈ ನಗರ ಅಂಥವರನ್ನು ಗೌರವಿಸಿತು. 1952ರಲ್ಲಿ ಇಲ್ಲಿನ ಜನ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿ ಸ್ವಾಮಿ ರಮಾನಂದ ತೀರ್ಥರನ್ನು ಲೋಕಸಭೆಗೆ ಆರಿಸಿದರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಗಿ, ಕನ್ನಡ ಜಿಲ್ಲೆಗಳು ವಿಶಾಲ ಮೈಸೂರನ್ನು ಸೇರಿದವು.

ಪತ್ರಿಕೆಯ ಹೆಸರಿನಲ್ಲಿದ್ದ ನಾಡು ನಕಾಶೆಗೆ ಬಂತು. ಆದರೆ ರಾಜಧಾನಿ 200 ಕಿಲೋಮೀಟರಿನ ಆಸುಪಾಸಿನಲ್ಲಿದ್ದ ಹೈದರಾಬಾದಿನಿಂದ ದೂರದ ಬೆಂಗಳೂರಿಗೆ ಹೋಯಿತು. ನಮ್ಮ ಬರ, ನಮ್ಮ ಗುಳೆ, ಶಿಕ್ಷಕರಿಲ್ಲದ ಶಾಲೆ, ಇವು ಅಲ್ಲಿನ ಪತ್ರಿಕೆಗಳಿಗೆ ದೂರದ ಸುದ್ದಿಗಳಾದವು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ನಮ್ಮ ವಿಭಾಗದಲ್ಲೇ ಇದ್ದವು. ವೈಜನಾಥ ಪಾಟೀಲರೇ ಮೊದಲಾದವರ ದೀರ್ಘ ಹೋರಾಟದ ನಂತರ 2012ರಲ್ಲಿ ಸಂಸತ್ತು 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿಯನ್ನು ಅಂಗೀಕರಿಸಿತು. ಕಮಲಾಪುರದ ಮೇಲೆ ಹಾದುಹೋಗುವ ಬೀದರ್-ಕಲಬುರಗಿ ರೈಲು ಓಡಿದ್ದು 2017ರಲ್ಲಿ. 2019ರಲ್ಲಿ ಹೈದರಾಬಾದ್ ಕರ್ನಾಟಕ 'ಕಲ್ಯಾಣ ಕರ್ನಾಟಕ'ವಾಯಿತು. ಹೆಸರು ಬದಲಾಯಿಸಲು ಒಂದು ಆದೇಶ ಸಾಕು. ಕಲ್ಯಾಣವಾಗಲು ನಮ್ಮ ದನಿ ಕೇಳಿಸಬೇಕು.

ಇಂದು ದೊಡ್ಡ ಪತ್ರಿಕೆಗಳಿಗೆ ಕಲಬುರಗಿ ಆವೃತ್ತಿಗಳಿವೆ. ಸಂತೋಷವೇ. ಆದರೆ ಕಮಲಾಪುರದ ನೀರಿನ ಸಮಸ್ಯೆ ಕಲಬುರಗಿ ಪುಟದಲ್ಲಿ ಅಚ್ಚಾಗಿ ಕಲಬುರಗಿಯಲ್ಲೇ ಉಳಿದರೆ ಬೆಂಗಳೂರಿನವರಿಗೆ ತಿಳಿಯುವುದು ಹೇಗೆ? ಜಿಲ್ಲೆಗೊಂದು ಪುಟ ಎಂಬುದು ಅನುಕೂಲವೂ ಹೌದು, ಗೋಡೆಯೂ ಹೌದು.

ಆಕಾಶದಿಂದ ಬಂದ ಟಿವಿ

ಮಾಧ್ಯಮದ ವಿಷಯದಲ್ಲಿ ನಮ್ಮ ಜಿಲ್ಲೆ ಯಾವಾಗಲೂ ಹಿಂದಿತ್ತು ಎಂದೇನೂ ಅಲ್ಲ. 1966ರಲ್ಲೇ ಇಲ್ಲಿ ಆಕಾಶವಾಣಿ ಕೇಂದ್ರವಾಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಕಲಬುರಗಿ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಜಾಲರಿಯ ದೊಡ್ಡ ಛತ್ರಿಯಂಥ ಆ್ಯಂಟೆನಾ ಕೆಳಗೆ ಊರಿಗೆ ಊರೇ ಸೇರಿ ಕೃಷಿ, ಆರೋಗ್ಯದ ಮಾತು ಕೇಳಿತು. 1977ರಲ್ಲಿ ಕಲಬುರಗಿಯಲ್ಲಿ ಟಿವಿ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ಟಿವಿ ಬಂದದ್ದು 1981ರಲ್ಲಿ!

ಆದರೆ ದಿನಾಂಕ ಗಮನಿಸಿ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಜಾರಿಯಾಗಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಿದ್ದಿತ್ತು. ಟಿವಿ ಬಂದದ್ದು ಅದಾಗಿ ಐದೇ ವಾರಕ್ಕೆ. ಹಳ್ಳಿಯವರಿಗೆ ಗೊಬ್ಬರದ ಬಗ್ಗೆ, ಲಸಿಕೆಯ ಬಗ್ಗೆ ತಿಳಿಯಿತು. ಸೆರೆಮನೆಯಲ್ಲಿ ಯಾರಿದ್ದಾರೆಂಬುದು ತಿಳಿಯಲಿಲ್ಲ. ಯಂತ್ರ ಹೊಸದಾದ ಮಾತ್ರಕ್ಕೆ ಸುದ್ದಿ ಸ್ವತಂತ್ರವಾಗುವುದಿಲ್ಲ. ಕೇಳುವುದಕ್ಕೆ ಕಿವಿ ಇದ್ದು, ಮರುಪ್ರಶ್ನೆ ಹಾಕಲು ಬಾಯಿ ಇಲ್ಲದಿದ್ದರೆ ಅದು ಪ್ರಚಾರ ಮಾತ್ರ.

ನಮ್ಮ ಕೈಯಲ್ಲಿರುವ ಪತ್ರಿಕೆ

ಈಗ ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ಓದುವವರೇ ಹಂಚುವವರೂ ಆಗಿದ್ದಾರೆ. ಪ್ರತಿ ಮನೆಯಲ್ಲೂ ನಾಲ್ಕೈದು ಜನ ಸಂಪಾದಕರು! 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿ ಎಂಬಲ್ಲಿ ನಡೆದದ್ದನ್ನು ನೆನೆಯೋಣ. ಹೈದರಾಬಾದಿನಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವಾಟ್ಸಾಪಿನಲ್ಲಿ ಹರಡಿತು. ಅವರು ಹೊರಟ ಕಾರಿಗಿಂತ ಆ ಸುಳ್ಳು ಮುಂದೆ ಓಡಿತು. ಮುರ್ಕಿಯಲ್ಲಿ ಗುಂಪು ಕಾರನ್ನು ತಡೆಯಿತು. ಒಬ್ಬ ಯುವ ಎಂಜಿನಿಯರ್ ಹೊಡೆತಕ್ಕೆ ಬಲಿಯಾದರು. ಒಂದು ಕಾಲಕ್ಕೆ ಒಂದೇ ಸಂಸ್ಥಾನವಾಗಿದ್ದ ಎರಡು ಊರುಗಳ ನಡುವೆ ಒಂದು ಮಧ್ಯಾಹ್ನದ ಸುಳ್ಳು ಸಾವಿನ ಗೋಡೆ ಎಬ್ಬಿಸಿತು. 1948ರಲ್ಲಿ ಸತ್ಯ ಬರೆದ ಕೈಯನ್ನು ಕತ್ತರಿಸಿದರು. 2018ರಲ್ಲಿ ಸುಳ್ಳು ಒತ್ತಿದ ಬೆರಳುಗಳು ಒಂದು ಜೀವ ತೆಗೆದವು.

ಹಾಗಾದರೆ ನಮ್ಮ ಕುಟುಂಬಗಳು ಏನು ಮಾಡಬಹುದು? ಮೊದಲನೆಯದಾಗಿ, ಬಂದ ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಮೊದಲು ಯಾರು ಹೇಳಿದರು, ಯಾವಾಗ, ಎಲ್ಲಿ ಎಂದು ಕೇಳೋಣ. ಉತ್ತರ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸೋಣ. ಎರಡನೆಯದಾಗಿ, ಮನೆಗೆ ಒಂದು ದಿನಪತ್ರಿಕೆ ತರಿಸಿ ಮಕ್ಕಳ ಕೈಗೆ ಕೊಡೋಣ. ತಪ್ಪು ಅಚ್ಚಾದರೆ ಮರುದಿನ ತಿದ್ದಿಕೊಳ್ಳುವ ಜವಾಬ್ದಾರಿ ಪತ್ರಿಕೆಗಿದೆ, ಹೆಸರಿಲ್ಲದ ಸಂದೇಶಕ್ಕಿಲ್ಲ. ಮೂರನೆಯದಾಗಿ, ನಮ್ಮೂರಿನ ಶಾಲೆ, ನೀರು, ರಸ್ತೆಗಳ ಬಗ್ಗೆ ಪತ್ರಿಕೆಗೆ ಬರೆಯೋಣ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿ ಅದರ ಹೆಸರು ದೂರ ಹೋಗಿದೆ. ಅದನ್ನು ಬೆಳೆಯುವ ರೈತನ ಕಷ್ಟವೂ ಅಷ್ಟೇ ದೂರ ಹೋಗಲಿ. ಕೊನೆಯದಾಗಿ, ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಎರಡೂ ಓಣಿಗಳ ಕಥೆಯನ್ನು ಕೇಳಿ ಮಕ್ಕಳಿಗೆ ಹೇಳೋಣ.

ಮುಂದಿನ ಸೆಪ್ಟೆಂಬರ್ 17ರಂದು ಮಗು ಮತ್ತೆ ಕೇಳಿದರೆ ಹೀಗೆನ್ನಬಹುದು: "ಮಗು, ಅಂದು ನಮ್ಮ ನಾಡು ದೇಶದೊಡನೆ ಸೇರಿತು. ಅದಕ್ಕಾಗಿ ಸತ್ಯ ಬರೆದ ಒಬ್ಬರು ಪ್ರಾಣ ಕೊಟ್ಟರು. ಆಮೇಲೆ ಹಲವು ನಿರಪರಾಧಿಗಳು ಸತ್ತರು. ಅವರ ಸುದ್ದಿಯನ್ನು ಯಾರೂ ಹೇಳಲಿಲ್ಲ. ನೀನು ದೊಡ್ಡವಳಾದ ಮೇಲೆ ಎರಡನ್ನೂ ಹೇಳು." ಇಷ್ಟನ್ನು ಅರಿತು ಬೆಳೆದ ಮಕ್ಕಳ ಕೈಯಲ್ಲಿ ಈ ನಾಡಿನ ಐಕ್ಯ ಭದ್ರವಾಗಿರುತ್ತದೆ.